ಹಾನಾ ಆರೆಂಟ್ ಹೇಳುವ ಕೇಡಿಗೆ ಬೇರು ಇದೆಯೋ, ಇಲ್ಲವೋ?

ಹಿಂಜವಡಿ ಬಸ್ಸು (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಕೊಥ್ರೂಡಿನಿಂದ ಹಿಂಜವಡಿಗೆ ಕಂಪನಿ ಬಸ್ಸಿನಲ್ಲಿ ಹೋಗಲು ಒಂದೂಕಾಲು ತಾಸು, ಮಳೆ ಬಂದರೆ ದೇವರೇ ಗತಿ. ಆ ಹೊತ್ತಿನಲ್ಲಿ ಎರಡು ತಿಂಗಳಿಂದ ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಚಿಂತಕಿ ಹಾನಾ ಆರೆಂಟ್ ಬರೆದದ್ದನ್ನು ಓದುತ್ತಿದ್ದೇನೆ. ನಾವು ಆರು ಜನ ಕನ್ನಡದವರು ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ, ಓದಿದ್ದನ್ನು ಮಾತಾಡುತ್ತೇವೆ. ಈ ಸಲದ ಪಾಳಿ ನನ್ನದು. ಇಪ್ಪತ್ತು ನಿಮಿಷ, ಕನ್ನಡದಲ್ಲೇ ಹೇಳಬೇಕು. ಅಲ್ಲೇ ಸಿಕ್ಕಿಬಿದ್ದಿದ್ದೇನೆ.

1951ರಲ್ಲಿ ಬಂದ 'ದಿ ಒರಿಜಿನ್ಸ್ ಆಫ್ ಟೋಟಾಲಿಟೇರಿಯನಿಸಂ' ಪುಸ್ತಕದಲ್ಲಿ ಆಕೆ ನಾಜಿ ಶಿಬಿರಗಳ ಬಗ್ಗೆ ಬರೆಯುತ್ತ 'ರ್‍ಯಾಡಿಕಲ್ ಇವಿಲ್' ಎನ್ನುತ್ತಾರೆ. ಜರ್ಮನ್ ತತ್ವಜ್ಞಾನಿ ಕಾಂಟನಿಂದ ತೆಗೆದುಕೊಂಡ ಮಾತು. ಅಂದರೆ ಬೇರಿಗೇ ಇಳಿದ ಕೇಡು. 1963ರಲ್ಲಿ, ಜೆರುಸಲೇಮಿನಲ್ಲಿ ನಡೆದ ನಾಜಿ ಅಧಿಕಾರಿಯೊಬ್ಬನ ವಿಚಾರಣೆಯ ಬಗ್ಗೆ 'ಐಖ್‌ಮನ್ ಇನ್ ಜೆರುಸಲೇಮ್' ಬರೆದಾಗ ಅದೇ ಕೇಡು 'ಬನಾಲಿಟಿ' ಆಗಿಬಿಡುತ್ತದೆ. ಲಕ್ಷಾಂತರ ಜನರನ್ನು ರೈಲು ಹತ್ತಿಸಿ ಸಾವಿಗೆ ಕಳಿಸಿದ ಅಡಾಲ್ಫ್ ಐಖ್‌ಮನ್ ರಾಕ್ಷಸನಲ್ಲ, ಯೋಚನೆಯೇ ಮಾಡದ ಸಾದಾ ಮನುಷ್ಯ ಎನ್ನುತ್ತಾರೆ. ಹನ್ನೆರಡು ವರ್ಷದಲ್ಲಿ ಮಾತು ಬದಲಾಯಿತೇ? ಅಥವಾ ಎರಡೂ ಒಂದೇ ಮಾತೇ?

ಇನ್ನೊಂದು ತಾಪತ್ರಯ ಶಬ್ದದ್ದು. ಬನಾಲಿಟಿಗೆ ಕನ್ನಡದಲ್ಲಿ ಏನನ್ನೋಣ? 'ಕೇಡಿನ ಸಾಮಾನ್ಯತೆ' ಅಂದರೆ ಕೇಡು ಎಲ್ಲ ಕಡೆ ಇದ್ದದ್ದೇ ಬಿಡ್ರಿ ಅಂದ ಹಾಗೆ ಕೇಳುತ್ತದೆ. 'ಕ್ಷುಲ್ಲಕತೆ' ಅಂದರೆ ಸತ್ತವರಿಗೆ ಅವಮಾನ. ಆಫೀಸಿನಲ್ಲಿ ಪಕ್ಕದ ಸೀಟಿನ ಮರಾಠಿ ಗೆಳತಿಗೆ ಈ ಪುಸ್ತಕದ ಬಗ್ಗೆ ಹೇಳಿದೆ. ಅವಳು ತಟ್ಟನೆ, "ಅಂದರೆ ನಮ್ಮೆಲ್ಲರೊಳಗೂ ಒಬ್ಬ ಐಖ್‌ಮನ್ ಇದ್ದಾನೆ, ಅಲ್ವಾ?" ಅಂದಳು. ಕೇಳಲು ಚೆಂದ ಇದೆ. ಆದರೆ ಪುಸ್ತಕ ಹೇಳುವುದು ಅದನ್ನಲ್ಲ ಅಂತ ಒಳಗೊಳಗೇ ಅನ್ನಿಸುತ್ತಿದೆ. ಯಾಕೆ ಅಲ್ಲ ಎಂದು ಹೇಳಲು ಬರುತ್ತಿಲ್ಲ.

ಹಾಗೇ, ಟೋಟಾಲಿಟೇರಿಯನ್ ಅಂದರೆ ಸರ್ವಾಧಿಕಾರ ಅಂದರೆ ಸಾಕೇ? ತಿಳಿದವರು ಹೇಳಿ. ಎರಡನೇ ಭಾನುವಾರ ನಮ್ಮ ಮನೆಯಲ್ಲೇ ಕೂಟ. ಮಾತು ಕೆಟ್ಟರೂ ಗಿರ್ಮಿಟ್ ಇದೆ, ಆ ಧೈರ್ಯ.

ಅಡ್ಡಮಾತು (ಠಾಣೆ)

ಮೇಡಂ, ಹೆಸರಿಗೆ ತಕ್ಕ ಹಾಗೆ ಒಂದು ಅಡ್ಡಮಾತು ಹೇಳಿಬಿಡುತ್ತೇನೆ. ಆರೆಂಟ್ ಮೋಸ ಹೋದರು.

ಜೆರುಸಲೇಮಿನ ಕೋರ್ಟಿನಲ್ಲಿ ಗುಂಡು ತೂರದ ಗಾಜಿನ ಪೆಟ್ಟಿಗೆಯಲ್ಲಿ ಕೂತು, ಕನ್ನಡಕ ಸರಿಮಾಡಿಕೊಳ್ಳುತ್ತಾ, ಕಡತ ತಿರುವುತ್ತಾ ಇದ್ದ ಆ ಮನುಷ್ಯ ಪಾತ್ರ ಮಾಡುತ್ತಿದ್ದ. ಗುಮಾಸ್ತನ ಪಾತ್ರ. ಪ್ರಾಣ ಉಳಿಸಿಕೊಳ್ಳಲು ಅದೊಂದೇ ದಾರಿ. 1957ರಲ್ಲಿ, ಸಿಕ್ಕಿಬೀಳುವ ಮುಂಚೆ, ಅರ್ಜೆಂಟೀನಾದಲ್ಲಿ ವಿಲ್ಲೆಮ್ ಸಾಸೆನ್ ಎಂಬ ಹಳೆಯ ನಾಜಿಯ ಮನೆಯಲ್ಲಿ ಟೇಪ್ ರೆಕಾರ್ಡರ್ ಮುಂದೆ ಕೂತು ಅವನೇ ಮಾತಾಡಿದ್ದಾನೆ. ಅಲ್ಲಿ ಗುಮಾಸ್ತ ಇಲ್ಲ. ತನ್ನ ಕೆಲಸ ಪೂರ್ತಿ ಆಗಲಿಲ್ಲವಲ್ಲ, ಇನ್ನೂ ಜನ ಉಳಿದುಬಿಟ್ಟರಲ್ಲ ಎಂದು ಕೊರಗುವವನು ಇದ್ದಾನೆ. ಬೆಟ್ಟಿನಾ ಸ್ಟಾಂಗ್ನೆತ್ ಎಂಬ ಜರ್ಮನ್ ಲೇಖಕಿ ಆ ಕಾಗದಪತ್ರ, ಟೇಪುಗಳನ್ನೆಲ್ಲ ಜಾಲಾಡಿ 2011ರಲ್ಲಿ ಪುಸ್ತಕವನ್ನೇ ಬರೆದರು.

ಇನ್ನೂ ಒಂದು. 1944ರಲ್ಲಿ ಹಂಗೇರಿಯಿಂದ ಎರಡು ತಿಂಗಳೂ ತುಂಬದ ಅವಧಿಯಲ್ಲಿ 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಸಾಗಿಸಿದರು. ಯುದ್ಧ ಸೋಲುವ ಹೊತ್ತಿಗೆ ಮೇಲಧಿಕಾರಿ ಹಿಮ್ಲರನೇ ನಿಲ್ಲಿಸು ಅಂದ. ಆಗಲೂ ಈತ ಕೊಸರಾಡಿದ. ಅಪ್ಪಣೆ ಪಾಲಿಸುವ ಸಪ್ಪೆ ಗುಮಾಸ್ತನಾಗಿದ್ದರೆ ಅಷ್ಟಕ್ಕೇ ಪೆನ್ನಿನ ಮುಚ್ಚಳ ಹಾಕಿ ಮನೆಗೆ ಹೋಗಬೇಕಿತ್ತಲ್ಲವೇ? ಆರೆಂಟ್ ಕೋರ್ಟಿನಲ್ಲಿ ಕೂತದ್ದೂ ವಿಚಾರಣೆಯ ಒಂದು ಭಾಗಕ್ಕೆ ಮಾತ್ರ. ಉಳಿದದ್ದು ಕಾಗದದಲ್ಲಿ ಓದಿದ್ದು.

ಹಾಗಾಗಿ ಸಪ್ಪೆ ಅನ್ನಿ, ಕ್ಷುಲ್ಲಕ ಅನ್ನಿ. ಅಳತೆಗೆ ಹಿಡಿದ ಮನುಷ್ಯನೇ ತಪ್ಪು.

ಟೈಮ್ ಆಫೀಸು (ಡೊಂಬಿವಲಿ)

ತಂಗಿ, ನಿಮ್ಮ ಪ್ರಶ್ನೆ ಮೂರು ದಿನದಿಂದ ತಲೆ ತಿನ್ನುತ್ತಿದೆ. ನಾನು ಪ್ರೊಫೆಸರ್ ಅಲ್ಲ. ಕುಂದಾಪುರದ ಕಡೆಯವನು, ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದೆ. ಹಗಲು ಕೋಟೆ ಭಾಗದ ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತೆ. ಆಮೇಲೆ ದಾದರಿನಲ್ಲಿ ಟೈಪಿಂಗ್ ಕಲಿತು ಲೋವರ್ ಪರೇಲಿನ ಒಂದು ಮಿಲ್ಲಿನ ಟೈಮ್ ಆಫೀಸಿಗೆ ಸೇರಿದೆ. ಮಿಲ್ಲಿನ ಹೆಸರು ಬೇಡ. ಈಗ ಅಲ್ಲಿ ಗಾಜಿನ ಕಟ್ಟಡ ನಿಂತಿದೆ. ಆರೆಂಟ್ ಪುಸ್ತಕ ಸಿಕ್ಕಿದ್ದು ರಿಟೈರ್ ಆದಮೇಲೆ, ಫೌಂಟನ್ ಫುಟ್‌ಪಾತಿನಲ್ಲಿ, 40 ರೂಪಾಯಿಗೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೂವರೆ ವರ್ಷ ಓದಿದೆ. ಹಾಗಾಗಿ ನಿಧಾನಕ್ಕೆ ಹೇಳುತ್ತೇನೆ, ನೀವೂ ನಿಧಾನಕ್ಕೆ ಓದಿ.

ಬೇರಿನ ವಿಷಯ ಮೊದಲು. 1951ರ ಪುಸ್ತಕದಲ್ಲೂ ಆಕೆ ಹೇಳಿದ್ದು ಏನು? ಈ ಕೇಡು ನಮಗೆ ಗೊತ್ತಿರುವ ಯಾವ ಕೆಟ್ಟತನಕ್ಕೂ ಸಿಗುವುದಿಲ್ಲ ಅಂತ. ದುರಾಸೆ, ಹೊಟ್ಟೆಕಿಚ್ಚು, ಸೇಡು, ಅಧಿಕಾರದ ಹಪಹಪಿ, ಯಾವುದರಿಂದಲೂ ಶಿಬಿರಗಳನ್ನು ವಿವರಿಸಲು ಆಗುವುದಿಲ್ಲ. ಅಲ್ಲಿ ನಡೆದದ್ದು ಮನುಷ್ಯರನ್ನು ಬೇಡವಾದ ವಸ್ತು ಮಾಡುವ ಕೆಲಸ. ಅದು ಮೂರು ಮೆಟ್ಟಿಲಲ್ಲಿ ನಡೆಯಿತು ಎನ್ನುತ್ತಾರೆ. ಮೊದಲು ಕಾನೂನಿನ ಮನುಷ್ಯನನ್ನು ಕೊಲ್ಲುವುದು: ನೀನು ಯಾವ ದೇಶದವನೂ ಅಲ್ಲ, ನಿನಗೆ ಯಾವ ಕೋರ್ಟೂ ಇಲ್ಲ. ಆಮೇಲೆ ಒಳ್ಳೆಯದು ಕೆಟ್ಟದ್ದು ಆರಿಸಿಕೊಳ್ಳುವ ಮನುಷ್ಯನನ್ನು ಕೊಲ್ಲುವುದು: ಈ ಮಗುವನ್ನು ಉಳಿಸಿದರೆ ಆ ಮಗು ಸಾಯುತ್ತದೆ ಎನ್ನುವ ಗಂಟಿಗೆ ತಾಯಿಯನ್ನು ಸಿಕ್ಕಿಸುವುದು. ಕೊನೆಗೆ ಇವನು ಇವನೇ ಎನ್ನುವ ಗುರುತನ್ನೇ ಅಳಿಸುವುದು. ಪ್ರಾಣ ತೆಗೆಯುವುದು ಇದೆಲ್ಲ ಆದಮೇಲಿನ ಕೆಲಸ. ಈ ಮೊದಲನೇ ಮೆಟ್ಟಿಲಿನ ಬಿಸಿ ಆಕೆಗೇ ತಾಗಿತ್ತು ನೋಡಿ. 1933ರಲ್ಲಿ ಬರ್ಲಿನ್ನಿನಲ್ಲಿ ಪೊಲೀಸರು ಹಿಡಿದರು, ಬಿಟ್ಟ ಕೂಡಲೇ ಗಡಿ ದಾಟಿದರು. 1940ರಲ್ಲಿ ಫ್ರಾನ್ಸಿನವರೇ ಗುರ್ಸ್ ಶಿಬಿರದಲ್ಲಿ ಕೂಡಿಹಾಕಿದರು. 1951ರಲ್ಲಿ ಅಮೆರಿಕದ ಪ್ರಜೆ ಆಗುವ ತನಕ ಹದಿನೆಂಟು ವರ್ಷ ಯಾವ ದೇಶದ ಕಾಗದವೂ ಕೈಯಲ್ಲಿ ಇರಲಿಲ್ಲ. 'ಹಕ್ಕು ಪಡೆಯುವ ಹಕ್ಕು' ಅಂತ ಆಕೆ ಬರೆದದ್ದು ಕುರ್ಚಿಯಲ್ಲಿ ಕೂತು ಹೊಳೆದದ್ದಲ್ಲ.

ಅಂದರೆ ಆಗಲೇ ಆಕೆಗೆ ಗೊತ್ತಿತ್ತು, ಇಂಥ ಕೇಡಿನ ಹಿಂದೆ ದೊಡ್ಡದೊಂದು ದ್ವೇಷವನ್ನು ಹುಡುಕಿ ಪ್ರಯೋಜನವಿಲ್ಲ ಅಂತ. ಆದರೂ 'ಬೇರು' ಎನ್ನುವ ಹಳೇ ಮಾತೇ ಕೈಗೆ ಸಿಕ್ಕಿತು. 1963ರಲ್ಲಿ ಐಖ್‌ಮನ್ ಪುಸ್ತಕ ಓದಿ ಆಕೆಯ ಗೆಳೆಯ, ಯಹೂದಿ ವಿದ್ವಾಂಸ ಗೆರ್ಶೊಮ್ ಶೋಲೆಮ್ ಸಿಟ್ಟಿನ ಕಾಗದ ಬರೆದಾಗ ಆಕೆ ಒಪ್ಪಿಕೊಂಡುಬಿಟ್ಟರು. ಹೌದು, ಮನಸ್ಸು ಬದಲಾಗಿದೆ, ಈಗ ಬೇರಿನ ಮಾತು ಆಡುವುದಿಲ್ಲ, ಕೇಡಿಗೆ ಆಳ ಇಲ್ಲ, ಅದು ಬೂಷ್ಟಿನ ಹಾಗೆ ಮೇಲ್ಮೈ ಮೇಲೆ ಹರಡುತ್ತದೆ, ಹಾಗೆ ಹರಡಿಯೇ ಲೋಕವನ್ನೆಲ್ಲ ಹಾಳು ಮಾಡಬಲ್ಲದು ಅಂತ. ಆಳ ಇರುವುದು ಒಳ್ಳೆಯದಕ್ಕೆ ಮಾತ್ರವಂತೆ.

ಬೂಷ್ಟು ಅಂದ ಕೂಡಲೇ ನನಗೆ ಪುಸ್ತಕ ಅರ್ಥವಾಯಿತು. ಜುಲೈ ತಿಂಗಳಲ್ಲಿ ನಮ್ಮ ಮನೆಗೆ ಬನ್ನಿ. ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಮುಚ್ಚಳ ಸಡಿಲವಾದ ಉಪ್ಪಿನಕಾಯಿಗೆ ಬೂಷ್ಟು, ದೇವರ ಪಟದ ಹಿಂದಿನ ರಟ್ಟಿಗೂ ಬೂಷ್ಟು. ಅದಕ್ಕೆ ಬೆಲ್ಟಿನ ಮೇಲೆ ದ್ವೇಷ ಇಲ್ಲ, ದೇವರ ಮೇಲೂ ಇಲ್ಲ. ಗಾಳಿ ಆಡದ ಜಾಗ ಸಿಕ್ಕಿದರೆ ಸಾಕು.

ಶಬ್ದದ ಪ್ರಶ್ನೆಗೂ ಇಲ್ಲೇ ಉತ್ತರ ಇದೆ ಅಂತ ನನಗೆ ಕಾಣುತ್ತದೆ. ನಮ್ಮ 'ಕೇಡು' ಬಂದದ್ದು 'ಕೆಡು'ವಿನಿಂದ. ಪಡು-ಪಾಡು, ಬಿಡು-ಬೀಡು ಇದ್ದ ಹಾಗೆ ಕೆಡು-ಕೇಡು. ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಹುಡುಗ ಕೆಡುತ್ತಾನೆ, ಕೆಲಸ ಕೆಡುತ್ತದೆ. ಎಲ್ಲದಕ್ಕೂ ಒಂದೇ ಕ್ರಿಯಾಪದ. ಕೇಡು ಅಂದರೆ ಸರಿಯಿದ್ದದ್ದು ಹಾಳಾಗುವುದು. ಬೇರೆಲ್ಲಿಂದಲೋ ಬಂದು ಅಮರಿಕೊಳ್ಳುವ ಸೈತಾನ ಆ ಶಬ್ದದೊಳಗೆ ಇಲ್ಲ. ಹಾಗಾಗಿ ಇವಿಲ್‌ಗೆ 'ದುಷ್ಟತನ' ಬೇಡ, 'ಕೇಡು' ಇರಲಿ. ಬನಾಲಿಟಿಗೆ 'ಸಪ್ಪೆತನ' ಇಡಿ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಬಾಯಿಗೆ ಇಟ್ಟರೂ ಏನೂ ಸಿಗುವುದಿಲ್ಲ. 'ಕೇಡಿನ ಸಪ್ಪೆತನ.' ಅಡ್ಡಮಾತು ಅವರು ಗೊತ್ತಿಲ್ಲದೆಯೇ ಆ ಶಬ್ದ ಬಳಸಿಬಿಟ್ಟಿದ್ದಾರೆ, ನೋಡಿ.

ಸಪ್ಪೆ ಅಂದರೆ ಏನು ಅಂತ ತೋರಿಸಲು ಆಕೆ ಕೊಡುವ ಒಂದು ಪ್ರಸಂಗವನ್ನು ನೀವು ಭಾನುವಾರ ಹೇಳಲೇಬೇಕು. ಸ್ಟೋರ್ಫರ್ ಎಂಬ ಯಹೂದಿ ಮುಖಂಡ ಐಖ್‌ಮನ್ನನಿಗೆ ವಿಯೆನ್ನಾದಿಂದಲೇ ಪರಿಚಯ, ವರ್ಷಗಟ್ಟಲೆ ಕೆಲಸದಲ್ಲಿ ಕೈಜೋಡಿಸಿದವರು. ಅವರನ್ನು ಔಶ್ವಿಟ್ಸ್ ಶಿಬಿರಕ್ಕೆ ಹಾಕುತ್ತಾರೆ. ನಿಮ್ಮನ್ನು ಕೂಡಲೇ ಕಾಣಬೇಕು ಎಂದು ಅವರು ಹೇಳಿಕಳಿಸುತ್ತಾರೆ. ಐಖ್‌ಮನ್ ಹೋಗಿ ನೋಡುತ್ತಾನೆ. ಬಿಡಿಸಲು ಆಗುವುದಿಲ್ಲ, ನಿಯಮ ಇದೆ ಎನ್ನುತ್ತಾನೆ. ಆದರೆ ಒಂದು ಉಪಕಾರ ಮಾಡುತ್ತಾನೆ. ಭಾರದ ಕೆಲಸ ಬೇಡ, ಕೈಯಲ್ಲಿ ಪೊರಕೆ ಹಿಡಿದು ಜಲ್ಲಿ ಹಾದಿ ಗುಡಿಸಿಕೊಂಡಿರಲಿ, ಬೇಕಾದಾಗ ಬೆಂಚಿನ ಮೇಲೆ ಕೂರಲಿ ಅಂತ ಚೀಟಿ ಬರೆದುಕೊಡುತ್ತಾನೆ. ಇಬ್ಬರೂ ಕೈ ಕುಲುಕುತ್ತಾರೆ. ವರ್ಷಗಳ ನಂತರ ಇದನ್ನು ಪೊಲೀಸರ ಮುಂದೆ ಹೇಳುವಾಗಲೂ ಅವನಿಗೆ ಖುಷಿ. ಹಳೇ ಪರಿಚಯದವನನ್ನು ಕಂಡು ಮಾತಾಡಿದೆನಲ್ಲ ಅಂತ. ಆರು ವಾರದ ನಂತರ ಸ್ಟೋರ್ಫರರನ್ನು ಗುಂಡಿಟ್ಟು ಕೊಂದರು.

ಪುಸ್ತಕದಲ್ಲಿ ನನಗೆ ಬೆನ್ನಲ್ಲಿ ಚಳಿ ಹುಟ್ಟಿಸಿದ್ದು ಇದು. ಆ ಪೊರಕೆ. ಅವನು ಸುಳ್ಳು ಖುಷಿ ಪಡುತ್ತಿಲ್ಲ. ನಿಜವಾಗಿ ಖುಷಿಯಾಗಿದೆ! ಎದುರಿಗೆ ನಿಂತವನ ಜಾಗದಲ್ಲಿ ನಿಂತು ಒಂದು ಕ್ಷಣ ನೋಡುವ ಶಕ್ತಿ ಇಲ್ಲ, ಅಷ್ಟೆ. ಯೋಚನೆ ಇಲ್ಲದವನು ಅಂತ ಆಕೆ ಹೇಳುವುದು ಇದನ್ನು. ಬುದ್ಧಿ ಇಲ್ಲದವನು ಅಂತಲ್ಲ. ರೈಲಿನ ವೇಳಾಪಟ್ಟಿ ಹೊಂದಿಸುವ ಬುದ್ಧಿ ಬೇಕಾದಷ್ಟಿತ್ತು.

ಹಾಗಾಗಿ ಅಡ್ಡಮಾತು ಅವರೇ, ನಿಮ್ಮ ಟೇಪಿನ ವಿಷಯ ನಾನು ಒಪ್ಪುತ್ತೇನೆ. ಆರೆಂಟ್ ಅವನನ್ನು ಸ್ವಲ್ಪ ಹಗುರಕ್ಕೆ ತೂಗಿದರು. ಅವನೊಳಗೆ ವಿಷ ಇತ್ತು. ಹಂಗೇರಿಯ ವಿಷಯ ಆಕೆಯೇ ಬರೆದಿದ್ದಾರೆ. ಅವನಿಗೆ ಹಿಟ್ಲರನ ಇಚ್ಛೆಯೇ ಕಾನೂನು, ಅದನ್ನು ಹಿಮ್ಲರ್ ಮುರಿದರೂ ತಪ್ಪೇ. ಆದರೆ ಆ ಟೇಪಿನಲ್ಲಿ ಕೇಳುವುದಾದರೂ ಏನು? ಅದೇ ರಕ್ತ, ಅದೇ ಕರ್ತವ್ಯ, ಅದೇ ಜನಾಂಗ ಅನ್ನುವ ಯಾರೋ ಅಚ್ಚು ಹಾಕಿಕೊಟ್ಟ ಮಾತು. ಮತಾಂಧನಿಗೆ ಯೋಚನೆ ಇರುತ್ತದೆ ಅಂತ ನಿಮಗೆ ಯಾರು ಹೇಳಿದರು? ವಿಷ ಇದ್ದವನೂ ಸಪ್ಪೆ ಆಗಿರಬಹುದು.

ಗಲ್ಲಿನ ಹೊತ್ತಿನಲ್ಲೂ ಅಷ್ಟೇ. 1962ರ ಮೇ 31ರ ನಡುರಾತ್ರಿ. ಸತ್ತ ಮೇಲೆ ಏನೂ ಇಲ್ಲ, ನನಗೆ ಅದರಲ್ಲಿ ನಂಬಿಕೆ ಇಲ್ಲ ಎಂದು ಹೇಳಿದವನು, ಮರುಗಳಿಗೆಗೇ "ಸ್ವಲ್ಪ ಹೊತ್ತಿನಲ್ಲೇ ನಾವೆಲ್ಲ ಮತ್ತೆ ಭೇಟಿಯಾಗುತ್ತೇವೆ" ಎನ್ನುತ್ತಾನೆ. ಶೋಕಸಭೆಗಳಲ್ಲಿ ಕೇಳಿ ಕೇಳಿ ಬಾಯಿಗೆ ಬಂದ ಮಾತು. ಸಾಯುತ್ತಿರುವುದು ತಾನೇ ಎನ್ನುವುದನ್ನೂ ಆ ಮಾತು ಮರೆಸಿತ್ತು. 'ಸಪ್ಪೆತನ' ಎನ್ನುವ ಮಾತನ್ನು ಆಕೆ ಬರೆದದ್ದು ಈ ದೃಶ್ಯದ ಕೊನೆಗೆ.

ಈಗ ನಿಮ್ಮ ಗೆಳತಿಯ ಮಾತು. ಎಲ್ಲರೊಳಗೂ ಐಖ್‌ಮನ್ ಇದ್ದಾನೆ ಎಂದರೆ ಆರೆಂಟ್‌ಗೆ ರೇಗುತ್ತಿತ್ತು. ನಾನು ಹಾಗೆ ಹೇಳಿಲ್ಲ ಎಂದು ಆಮೇಲೆ ಮತ್ತೆ ಮತ್ತೆ ಹೇಳಬೇಕಾಯಿತು. ಎಲ್ಲರೂ ತಪ್ಪಿತಸ್ಥರು ಅಂದರೆ ಯಾರೂ ತಪ್ಪಿತಸ್ಥರಲ್ಲ, ಅಷ್ಟೇ ಲೆಕ್ಕ. ಅವನನ್ನು ನೇಣಿಗೆ ಹಾಕಿದ್ದು ಸರಿ ಅಂತಲೇ ಆಕೆ ಬರೆದದ್ದು. ಅದೇ ಪುಸ್ತಕದಲ್ಲಿ ಆಂಟೋನ್ ಶ್ಮಿಟ್ ಎಂಬ ಜರ್ಮನ್ ಸೈನ್ಯದ ಸಾರ್ಜೆಂಟ್ ಬರುತ್ತಾನೆ. ನಕಲಿ ಕಾಗದ, ಮಿಲಿಟರಿ ಲಾರಿ ಕೊಟ್ಟು ಯಹೂದಿಗಳನ್ನು ಉಳಿಸಿದ, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. 1942ರಲ್ಲಿ ಅವನದೇ ಸೈನ್ಯ ಅವನನ್ನು ಕೊಂದಿತು. ಆ ಹೆಸರು ಹೇಳಿದಾಗ ಕೋರ್ಟೇ ಮೌನವಾಯಿತಂತೆ. ಅವನಿಗೂ ಮೇಲಧಿಕಾರಿ ಇದ್ದ, ಅವನಿಗೂ ಅಪ್ಪಣೆ ಇತ್ತು.

ನನ್ನ ಸ್ವಂತದ್ದು ಒಂದು ಹೇಳಿ ಮುಗಿಸುತ್ತೇನೆ. ದಯವಿಟ್ಟು ಇದನ್ನು ಅದಕ್ಕೆ ಸಮ ಅನ್ನಬೇಡಿ. ಸಮ ಅಲ್ಲ. ಮಿಲ್ಲಿಗೂ ಔಶ್ವಿಟ್ಸ್‌ಗೂ ಹೋಲಿಕೆ ಮಾಡುವವನಿಗೆ ಎರಡೂ ಗೊತ್ತಿಲ್ಲ ಅಂತ ಅರ್ಥ. ಹೇಳುವುದು ಭಾಷೆಯ ವಿಷಯಕ್ಕೆ ಮಾತ್ರ.

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ ಮುಷ್ಕರ ಶುರುವಾಯಿತಲ್ಲ, ಎರಡೂವರೆ ಲಕ್ಷ ಜನ ಹೊರಗೆ ನಿಂತರು. ಮಿಲ್ಲಿನ ಭೋಂಗಾ (ಸೈರನ್) ನಿಂತಿತು. ವರ್ಷವಾದ ಮೇಲೆ ನಮ್ಮ ಮಿಲ್ಲು ಅರ್ಧಂಬರ್ಧ ಶುರುವಾದಾಗ, ಯಾರು ಬೇಕು ಯಾರು ಬೇಡ ಅಂತ ಒಂದು ಪಟ್ಟಿ ಬಂತು. ಬೇಡದವರಿಗೆ ಕಾಗದ ಹೊಡೆಯುವ ಕೆಲಸ ನನ್ನದು. ಇಂಗ್ಲಿಷಿನಲ್ಲಿ ಒಂದೇ ಒಕ್ಕಣೆ. ಹೆಸರು, ಖಾತೆ, ಟಿಕೆಟ್ ನಂಬರ್ ಮಾತ್ರ ಬೇರೆ. 'ತಾವು ಸ್ವಇಚ್ಛೆಯಿಂದ ಸೇವೆಯನ್ನು ತೊರೆದಿರುವಿರೆಂದು ಪರಿಗಣಿಸಲಾಗಿದೆ.' ದಿನಕ್ಕೆ ಅರವತ್ತು, ಎಪ್ಪತ್ತು. ಕಾರ್ಬನ್ ಇಟ್ಟು ಎರಡು ಪ್ರತಿ. ತಪ್ಪಿಲ್ಲದೆ ಹೊಡೆಯುತ್ತೇನೆ ಅಂತ ಲೇಬರ್ ಆಫೀಸರ್ ಒಮ್ಮೆ ಬೆನ್ನು ತಟ್ಟಿದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ನಮ್ಮ ಚಾಳಿನ ಕೆಳಗಿನ ಮಹಡಿಯ ಮನುಷ್ಯ ಮೇಲೆ ಬಂದರು. ಕಲಬುರ್ಗಿ ಕಡೆಯವರು, ನೇಯ್ಗೆ ಖಾತೆ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮಗಳ ಮದುವೆಗೆ ಊಟ ಹಾಕಿದವರು. ಕೈಯಲ್ಲಿ ರಿಜಿಸ್ಟರ್ ಪೋಸ್ಟಿನ ಲಕೋಟೆ. "ಸಾಹೇಬ್ರ, ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ."

ಓದಿದೆ. ಇಂಗ್ಲಿಷಿನಲ್ಲಿ ಓದುವುದು ಸುಲಭ. ಆಮೇಲೆ ಕನ್ನಡದಲ್ಲಿ ಹೇಳಬೇಕಲ್ಲ. 'ಪರಿಗಣಿಸಲಾಗಿದೆ' ಅಂದರೆ ಅವರಿಗೆ ತಿಳಿಯುವುದಿಲ್ಲ. "ನೀವಾಗೇ ಕೆಲಸ ಬಿಟ್ಟಿದ್ದೀರಿ ಅಂತ ಬರೆದಿದ್ದಾರೆ" ಅಂದೆ.

ಅವರು ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ. ನಿಜವಾಗಿ ಗೊತ್ತಾಗದೆ ಕೇಳಿದರು. "ನಾ ಎಂದ್ ಬಿಟ್ಟೀನ್ರೀ?"

ಅರವತ್ತು ಎಪ್ಪತ್ತು ಹೊಡೆಯುವಾಗ ಒಂದು ದಿನವೂ ನನಗೆ ಆ ವಾಕ್ಯ ಸುಳ್ಳು ಅಂತ ಅನ್ನಿಸಿರಲಿಲ್ಲ. ನಿಜ ಅಂತಲೂ ಅನ್ನಿಸಿರಲಿಲ್ಲ. ಅದು ಒಕ್ಕಣೆ, ಅಷ್ಟೆ. ಐಖ್‌ಮನ್ ಕೋರ್ಟಿನಲ್ಲಿ "ಆಫೀಸಿನ ಭಾಷೆಯೊಂದೇ ನನ್ನ ಭಾಷೆ" ಎಂದದ್ದನ್ನು ಓದಿದಾಗ ಪುಸ್ತಕ ಮುಚ್ಚಿ ಗ್ಯಾಲರಿಗೆ ಹೋಗಿ ನಿಂತೆ.

ಆಫೀಸಿನ ಭಾಷೆ ಅಂದರೆ ಇಂಗ್ಲಿಷೇ ಆಗಬೇಕೆಂದಿಲ್ಲ. ಆ ರಾತ್ರಿ ನಿದ್ದೆ ಬರದೆ ನಾನು ನನಗೇ ಹೇಳಿಕೊಂಡದ್ದು ಅಚ್ಚ ಕನ್ನಡದ ಗಾದೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ. ಹೇಳಿಕೊಂಡ ಮೇಲೆ ನಿದ್ದೆ ಬಂತು. ನೋಡಿ ಹೇಗಿದೆ.

ಮಡಗಾಂವ್ ಮಳೆ (ಗೋವಾ)

ಕೊನೆಯ ಪ್ರಶ್ನೆಗೆ ನಾನು ಕೈ ಹಾಕುತ್ತೇನೆ. ಸರ್ವಾಧಿಕಾರ ಅಂದರೆ ಸಾಲದು. ಆರೆಂಟ್ ಆ ಬಗ್ಗೆ ಬಹಳ ಜಿಪುಣಿ. ಆಕೆಯ ಲೆಕ್ಕದಲ್ಲಿ ಟೋಟಾಲಿಟೇರಿಯನ್ ಅನ್ನಿಸಿಕೊಂಡದ್ದು ಹಿಟ್ಲರನ ಜರ್ಮನಿ, ಸ್ಟಾಲಿನ್ನನ ರಷ್ಯಾ, ಅದೂ ಕೆಲವು ವರ್ಷ ಮಾತ್ರ. ಮುಸೊಲಿನಿಯ ಇಟಲಿಯನ್ನೂ ಆಕೆ ಆ ಪಟ್ಟಿಗೆ ಸೇರಿಸಲಿಲ್ಲ.

ಗೋವಾದಲ್ಲಿ ಕೂತವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ನಮ್ಮ ಮನೆ ಮಾಲೀಕರು ಎಂಬತ್ತೆಂಟರ ಕೊಂಕಣಿ ಅಜ್ಜ. ಗೋವಾ ಪೋರ್ಚುಗಲ್ಲಿನ ಕೈಯಲ್ಲಿದ್ದಾಗ ಅಲ್ಲಿನ ಸರ್ವಾಧಿಕಾರಿಯಾಗಿದ್ದ ಸಾಲಾಜಾರನ ಕಾಲವನ್ನು ಕಂಡವರು. ಮದುವೆ ಕರೆಯೋಲೆ ಅಚ್ಚು ಹಾಕಿಸಲೂ ಸೆನ್ಸಾರಿನ ಒಪ್ಪಿಗೆ ಬೇಕಿತ್ತು ಎನ್ನುತ್ತಾರೆ. ಸಭೆ ಸೇರುವ ಹಾಗಿಲ್ಲ. 1946ರ ಜೂನ್ 18ಕ್ಕೆ ಲೋಹಿಯಾ ಇಲ್ಲೇ ಮಡಗಾಂವಿನಲ್ಲಿ ಮಾತಾಡಲು ಎದ್ದು ನಿಂತಾಗ ಹಿಡಿದು ಒಯ್ದರು. ಗೋವಾದ ಸ್ವಾತಂತ್ರ್ಯ ಹೋರಾಟಗಾರ ಟಿ. ಬಿ. ಕುನ್ಯಾರನ್ನು ಪೋರ್ಚುಗಲ್ಲಿನ ಪೆನಿಶ್ ಕೋಟೆಗೆ ಸಾಗಿಸಿದರು. ಸರ್ವಾಧಿಕಾರ ಅಂದರೆ ಇದು. ಕ್ರೂರ, ಅದರಲ್ಲಿ ಅನುಮಾನವಿಲ್ಲ. ಆದರೆ ಅಜ್ಜ ಇನ್ನೊಂದು ಮಾತೂ ಹೇಳುತ್ತಾರೆ: "ಬಾಯಿ ಮುಚ್ಚಿಕೊಂಡು ಇದ್ದರೆ ನಮ್ಮ ಪಾಡಿಗೆ ಬಿಡುತ್ತಿದ್ದರು. ಮನೆಯೊಳಗೆ ಬೈದುಕೊಳ್ಳುತ್ತಿದ್ದೆವು."

ಆ ಮನೆಯೊಳಗೂ ಬರುತ್ತದಲ್ಲ, ಅದು ಟೋಟಾಲಿಟೇರಿಯನ್. ಬಾಯಿ ಮುಚ್ಚಿಕೊಂಡರೂ ಸಾಲದು. 1937ರ ಜುಲೈಯಲ್ಲಿ ಸ್ಟಾಲಿನ್ನನ ಪೊಲೀಸರ 00447ನೇ ಆದೇಶ ಬಂತು. ಯಾವ ಪ್ರಾಂತದಲ್ಲಿ ಎಷ್ಟು ಜನರನ್ನು ಕೊಲ್ಲಬೇಕು, ಎಷ್ಟು ಜನರನ್ನು ಶಿಬಿರಕ್ಕೆ ಕಳಿಸಬೇಕು ಅಂತ ಮೊದಲೇ ಕೋಟಾ. ತಪ್ಪು ಆಮೇಲೆ ಹುಡುಕಿಕೊಂಡರಾಯಿತು. ವಿರೋಧಿಗಳೆಲ್ಲ ಮುಗಿದ ಮೇಲೇ ಭಯ ಜಾಸ್ತಿಯಾಗುತ್ತದೆ ಎನ್ನುವುದು ಆರೆಂಟ್ ಕಂಡ ವಿಚಿತ್ರ. ಇದು ನಡೆಯಬೇಕಾದರೆ ಜನ ಒಬ್ಬರಿಂದೊಬ್ಬರು ಕಡಿದುಹೋಗಿರಬೇಕು. ಪಕ್ಕದ ಮನೆಯವರನ್ನು ನಂಬದ, ಕಡೆಗೆ ತನ್ನ ಕಣ್ಣನ್ನೂ ನಂಬದ ಒಂಟಿತನ. ಅಂಥವರಿಗೆ ನಿಜ ಯಾವುದು, ಕಟ್ಟುಕತೆ ಯಾವುದು ಎನ್ನುವುದೇ ಮುಖ್ಯವಲ್ಲ. ಪಕ್ಕಾ ನಾಜಿಗಿಂತ ಇಂಥವರೇ ಆ ಆಳ್ವಿಕೆಗೆ ಹೇಳಿ ಮಾಡಿಸಿದ ಜನ ಅಂತಾರೆ ಆಕೆ.

ಸರ್ವಂಕಷ ಪ್ರಭುತ್ವ ಅನ್ನುವವರಿದ್ದಾರೆ. ನಾಲಿಗೆಗೆ ಭಾರ. ನಾನಾದರೆ 'ಎಲ್ಲವನ್ನೂ ನುಂಗುವ ಆಳ್ವಿಕೆ' ಅಂದುಬಿಡುತ್ತೇನೆ.

ಸುಮ್ನೆ ಒಂದು ತಾಳೆ: ಐಖ್‌ಮನ್ನನಿಗೆ ಮರಣದಂಡನೆ ಹೇಳಿದ್ದು 1961ರ ಡಿಸೆಂಬರ್ 15ಕ್ಕೆ. ನಾಲ್ಕೇ ದಿನಕ್ಕೆ, 19ಕ್ಕೆ, ಗೋವಾ ಬಿಡುಗಡೆಯಾಯಿತು. ಇನ್ನೂ ತಮಾಷೆ ಅಂದರೆ, 1941ರಲ್ಲಿ ಆರೆಂಟ್ ಅಮೆರಿಕದ ಹಡಗು ಹತ್ತಿದ್ದು ಲಿಸ್ಬನ್ನಿನಿಂದ. ಇಲ್ಲಿಯವರನ್ನು ಜೈಲಿಗೆ ಹಾಕಿದ ಅದೇ ಸಾಲಾಜಾರನ ಲಿಸ್ಬನ್. ಅಜ್ಜನಿಗೆ ಇದನ್ನು ಹೇಳಿದೆ. ನಂಬಲಿಲ್ಲ.

ಅಡ್ಡಮಾತು (ಠಾಣೆ)

ಟೈಮ್ ಆಫೀಸು ಸರ್, 'ವಿಷ ಇದ್ದವನೂ ಸಪ್ಪೆ ಆಗಿರಬಹುದು' ಎನ್ನುವುದಕ್ಕೆ ಅರ್ಧ ಒಪ್ಪಿಗೆ. ಇನ್ನರ್ಧಕ್ಕೆ ಜಗಳ ಇದೆ, ಯಾವಾಗಾದರೂ ಮಾಟುಂಗಾದಲ್ಲಿ ಕಾಫಿಗೆ ಸಿಕ್ಕಾಗ ಆಡೋಣ. ಶಿಬಿರಕ್ಕೆ ಸಾಗಿಸಬೇಕಾದವರ ಪಟ್ಟಿಯನ್ನು ಯಹೂದಿ ಮುಖಂಡರ ಮಂಡಳಿಗಳೇ ಮಾಡಿಕೊಟ್ಟವು ಅಂತ ಆಕೆ ಬರೆದ ಪುಟಗಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕತ್ತಿನ ಮೇಲೆ ಕತ್ತಿ ಇದ್ದವರಿಗೆ, ಪಕ್ಕದಲ್ಲಿ ನಿಂತು ನೀನು ಯೋಚಿಸಬೇಕಿತ್ತು ಅನ್ನುವುದು ಯಾವ ನ್ಯಾಯ?

ಹಿಂಜವಡಿ ಬಸ್ಸು (ಪುಣೆ)

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಕಾಕಾ (ಹೀಗೆ ಕರೆಯಬಹುದಲ್ಲ?), ನಿಮ್ಮ ಉತ್ತರ ಬಸ್ಸಿನಲ್ಲಿ ಓದುತ್ತಾ ನನ್ನ ಸ್ಟಾಪು ದಾಟಿಹೋಯಿತು. 'ಕೇಡಿನ ಸಪ್ಪೆತನ' ಗಟ್ಟಿ ಮಾಡಿಕೊಂಡೆ. ಆ ಪೊರಕೆಯಿಂದಲೇ ಮಾತು ಶುರು ಮಾಡುತ್ತೇನೆ. ಮಂಡಳಿಗಳ ಪುಟ ನನಗೂ ಚುಚ್ಚಿತು. ಅದನ್ನು ಬಿಟ್ಟುಬಿಡುವುದಿಲ್ಲ, ಹೇಳುತ್ತೇನೆ.

ಮಡಗಾಂವ್ ಅವರೇ, 'ಮನೆಯೊಳಗೂ ಬರುತ್ತದಲ್ಲ' ಅನ್ನುವುದನ್ನು ಹಾಗೇ ಕದಿಯುತ್ತಿದ್ದೇನೆ.

ಕಾಕಾ, ಒಂದು ಕೇಳಲೇ? ಬೇಡವಾದರೆ ಉತ್ತರಿಸಬೇಡಿ. ಆ ಕಾಗದ ಹೊಡೆದದ್ದು ನೀವೇ ಅಂತ ಅವರಿಗೆ ಹೇಳಿದಿರಾ?

ಟೈಮ್ ಆಫೀಸು (ಡೊಂಬಿವಲಿ)

ಕಾಕಾ ಅನ್ನಿ, ಪರವಾಗಿಲ್ಲ. ನಮ್ಮ ಕಡೆ ಆ ಮಾತಿಲ್ಲ. ಆದರೆ ಚಾಳಿನಲ್ಲಿ ಅರ್ಧ ಮಂದಿ ಹಾಗೇ ಕರೆಯುತ್ತಿದ್ದರು.

ಟೈಪಿಸ್ಟುಗಳಿಗೆ ಒಂದು ಪದ್ಧತಿ ಇತ್ತು. ಕಾಗದದ ಕೆಳಗೆ ಎಡಗಡೆ, ಹೇಳಿ ಬರೆಸಿದ ಸಾಹೇಬರ ಹೆಸರಿನ ಮೊದಲಕ್ಷರ ದೊಡ್ಡದಾಗಿ. ಒಂದು ಓರೆ ಗೆರೆ. ಆಮೇಲೆ ಟೈಪಿಸ್ಟಿನ ಅಕ್ಷರ ಸಣ್ಣದಾಗಿ. ಯಾರು ಹೊಡೆದದ್ದು ಅಂತ ಗೊತ್ತಿರಲಿ ಎಂದು.

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು. ಒಂದು ಎಳೆ ತಪ್ಪಿದರೂ ಕಾಣುವ ಕಣ್ಣು. ಮಡಚುವ ಮುಂಚೆ ಕಾಗದವನ್ನು ದೀಪದ ಹತ್ತಿರ ಹಿಡಿದು ನೋಡಿದರು. ಆ ಮೂಲೆಯ ಮೇಲೆ ಬೆರಳಿಟ್ಟು, "ಇದೇನ್ರಿ, ಇಲ್ಲಿ ಸಣ್ಣದ್?" ಅಂದರು.

"ಅದು ಆಫೀಸಿನ ಗುರುತು" ಅಂದೆ.

"ಹೌದೇನ್ರಿ" ಅಂದರು. ಕಾಗದ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ನನ್ನ ಹೆಂಡತಿ ಚಹಾ ತಂದಳು, ಕುಡಿದು ಕೆಳಗೆ ಹೋದರು. ಮುಂದಿನ ಮಳೆಗಾಲಕ್ಕೆ ಮುಂಚೆ ಖೋಲಿ ಖಾಲಿ ಮಾಡಿ ಊರಿಗೆ ಹೋದರು. ಆಮೇಲೆ ಒಮ್ಮೆ ಯಾರದೋ ಕೈಯಲ್ಲಿ ಎರಡು ಕಿಲೋ ತೊಗರಿಬೇಳೆ ಕಳಿಸಿದ್ದರು.